ಸವಾಯಿ ಗಂಧರ್ವರು: ಕುಂದಗೋಳದಿಂದ ಪುಣೆಯ ಸ್ಮಾರಕದವರೆಗೆ

ಪುಣೆ ನಗರದಲ್ಲಿ ಗಂಧರ್ವರೆಂದು ಹೆಸರಾದ ಇಬ್ಬರು ಕಲಾವಿದರ ನೆನಪಿಗೆ ಎರಡು ಕಲಾಮಂದಿರಗಳಿವೆ. ಜಂಗಲಿ ಮಹಾರಾಜ ರಸ್ತೆಯಲ್ಲಿ 1968ರಲ್ಲಿ ಆರಂಭವಾದ ಬಾಲಗಂಧರ್ವ ರಂಗಮಂದಿರ ಒಂದು. ಶಿವಾಜಿನಗರದ ಸವಾಯಿ ಗಂಧರ್ವ ಸ್ಮಾರಕ ಇನ್ನೊಂದು. ಮೊದಲನೆಯದು ಮರಾಠಿ ಸಂಗೀತ ನಾಟಕದ ಮೇರುನಟರಾದ ನಾರಾಯಣರಾವ್ ರಾಜಹಂಸರ (1888-1967) ಹೆಸರಿನದು. ಎರಡನೆಯದು ಧಾರವಾಡ ಜಿಲ್ಲೆಯ ಕುಂದಗೋಳದ ಕನ್ನಡಿಗ ರಾಮಚಂದ್ರ ಗಣೇಶ ಸೌಂಶಿಯವರ (1886-1952) ಹೆಸರಿನದು. ಮನೆಯವರಿಗೆ ರಾಮಭಾವು, ಊರ ಹೊರಗಿನವರಿಗೆ ಕುಂದಗೋಳಕರ, ರಸಿಕ ಲೋಕಕ್ಕೆ ಸವಾಯಿ ಗಂಧರ್ವ. ಅವರ ಹೆಸರಿನಲ್ಲಿ ಪುಣೆಯಲ್ಲಿ ನಡೆಯುವ ವಾರ್ಷಿಕ ಸಂಗೀತೋತ್ಸವದ ಆವರಣದಲ್ಲಿ ಹಿಂದೂಸ್ತಾನಿ ಗಾಯಕ ವಾದಕರ ಛಾಯಾಚಿತ್ರಗಳ ಪ್ರದರ್ಶನವೂ ಏರ್ಪಡುತ್ತ ಬಂದಿದೆ. ಆದರೆ ಒಬ್ಬ ಗಾಯಕನ ವಿಷಯದಲ್ಲಿ ಚಿತ್ರಗಳು ಹೇಳಬಲ್ಲುದು ಸ್ವಲ್ಪವೇ. ಪ್ರಕೃತಿ ಕೊಟ್ಟ ಇಂಪಾದ ಕಂಠವನ್ನು ಕಳೆದುಕೊಂಡು, ಬೇರೊಂದು ಕಂಠವನ್ನು ದುಡಿದು ಸಂಪಾದಿಸಿ, ಆ ದುಡಿಮೆಯನ್ನೇ ವಿದ್ಯೆಯಾಗಿ ಶಿಷ್ಯರಿಗೆ ಒಪ್ಪಿಸಿದವರು ಸವಾಯಿ ಗಂಧರ್ವರು. ಅವರ ನಿಜವಾದ ಸ್ಮಾರಕವನ್ನು ಈ ಸಂಗತಿಯ ಬೆಳಕಿನಲ್ಲಿ ಹುಡುಕಬೇಕಾಗುತ್ತದೆ.

ರಾಮಭಾವು ಅವರು ಹುಟ್ಟಿದ್ದು 1886ರ ಜನವರಿ 19ರಂದು. ಹುಬ್ಬಳ್ಳಿಗೆ ದಕ್ಷಿಣದಲ್ಲಿ, ಬೆಂಗಳೂರಿನ ಕಡೆಗೆ ಹೋಗುವ ರೈಲುದಾರಿಯ ಮೇಲಿರುವ ಕುಂದಗೋಳ ಆಗ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಸಂಸ್ಥಾನವನ್ನು ಆಳುತ್ತಿದ್ದವರು ಪಟವರ್ಧನ ಮನೆತನದವರು. ಜನರ ಮಾತು ಕನ್ನಡ, ದರಬಾರಿನ ವ್ಯವಹಾರ ಮರಾಠಿ. ಈ ದ್ವಿಭಾಷಿಕ ಪರಿಸರ ಬಾಲಕನ ಮುಂದಿನ ಬದುಕನ್ನು ಬಹುಮಟ್ಟಿಗೆ ರೂಪಿಸಿತು. ತಂದೆ ಗಣೇಶರಾಯರು ಕುಂದಗೋಳದ ನಾಡಗೀರ ಮನೆತನದಲ್ಲಿ ಕಾರಕೂನರಾಗಿದ್ದರು. ನಾಡಗೀರರ ವಾಡೆ ಸಂಗೀತಗಾರರಿಗೆ ಆಶ್ರಯ ನೀಡಿದ ಮನೆ. ದೂರದೂರದ ಗಾಯಕರು ಅಲ್ಲಿಗೆ ಬಂದು ಹಾಡಿ ಹೋಗುತ್ತಿದ್ದರು. ಕಾರಕೂನರ ಮಗನಿಗೆ ಆ ವಾಡೆಯ ಬಾಗಿಲು ತೆರೆದಿತ್ತು.

ಹುಡುಗನ ಮನಸ್ಸು ಶಾಲೆಯ ಓದಿಗೆ ಹತ್ತಲಿಲ್ಲ. ಕಂಠ ಇಂಪಾಗಿದ್ದುದನ್ನು ಗಮನಿಸಿದ ತಂದೆ ಬಳವಂತರಾವ್ ಕೊಲ್ಹಟಕರರಲ್ಲಿ ಸಂಗೀತ ಪಾಠಕ್ಕೆ ಹಾಕಿದರು. ಧ್ರುಪದ, ತರಾನಾಗಳ ಮೊದಲ ಪಾಠಗಳು ಅಲ್ಲಿಯೇ ಆದವು. 1898ರಲ್ಲಿ ಕೊಲ್ಹಟಕರರು ತೀರಿಕೊಂಡಾಗ ಹನ್ನೆರಡರ ಹುಡುಗನ ಕಲಿಕೆ ನಡುವೆಯೇ ನಿಂತಿತು. ಇದೇ ಕಾಲದ ಸುಮಾರಿಗೆ ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು (1872-1937) ನಾಡಗೀರರ ವಾಡೆಗೆ ಬರತೊಡಗಿದ್ದರು. ಉತ್ತರದ ಕೈರಾಣಾ ಗ್ರಾಮದಿಂದ ಹೊರಟು ಬರೋಡೆಯ ಆಸ್ಥಾನವನ್ನು ದಾಟಿ ದಕ್ಷಿಣಕ್ಕೆ ಬಂದ ಖಾನರು ಮಿರಜೆಯಲ್ಲಿ ನೆಲೆಗೊಂಡು, ಧಾರವಾಡ ಮೈಸೂರುಗಳವರೆಗೂ ಸಂಚರಿಸುತ್ತಿದ್ದವರು. ಒಂದೊಂದು ಸ್ವರವನ್ನೂ ಅದರ ನಿಜಸ್ಥಾನದಲ್ಲಿ ನಿಲ್ಲಿಸಿ, ನಿಧಾನವಾಗಿ ರಾಗವನ್ನು ಬಿಡಿಸುವ ಅವರ ಗಾಯನ ರಾಮಭಾವುವನ್ನು ಸೆಳೆಯಿತು. ಕಲಿಸಬೇಕೆಂಬ ಪ್ರಾರ್ಥನೆಗೆ ಖಾನರು ಒಪ್ಪಿದರು. ಆದರೆ ಹುಡುಗ ಎಂಟು ವರ್ಷ ತಮ್ಮ ಬಳಿಯಲ್ಲೇ ಇರಬೇಕೆಂಬ ಷರತ್ತು ಹಾಕಿದರು.

ಆ ಷರತ್ತಿನ ಅರ್ಥವನ್ನು ಇಂದಿನ ವಿದ್ಯಾರ್ಥಿ ಊಹಿಸಿಕೊಳ್ಳುವುದು ಕಷ್ಟ. ಪಾಠವೆಂದರೆ ಗುರುವಿನ ಮನೆಯ ಕೆಲಸ, ಪ್ರವಾಸದಲ್ಲಿ ಜೊತೆ, ಕಛೇರಿಯಲ್ಲಿ ತಂಬೂರಿ, ಅವೆಲ್ಲದರ ನಡುವೆ ಸಾಧನೆ. ಕೆಲವೇ ರಾಗಗಳನ್ನು ವರ್ಷಗಟ್ಟಲೆ ತಿದ್ದುವುದು ಆ ಮನೆಯ ಕ್ರಮ. ಬೆಳಿಗ್ಗೆ ತೋಡಿ, ಮಧ್ಯಾಹ್ನ ಮುಲ್ತಾನಿ, ಸಂಜೆ ಪೂರಿಯಾ ಎಂಬ ಈ ದಿನಚರಿ ಕಿರಾಣಾ ಪರಂಪರೆಯಲ್ಲಿ ಗುರುವಿನಿಂದ ಶಿಷ್ಯನಿಗೆ ಇಳಿದುಬಂದುದೆಂದು ಹೇಳುತ್ತಾರೆ. ಈ ಶಿಕ್ಷಣದ ನಡುವೆಯೇ ರಾಮಭಾವು ಅವರ ಬಾಳಿನ ದೊಡ್ಡ ಆಘಾತ ಒದಗಿತು. ಹರೆಯದ ಬದಲಾವಣೆಯಲ್ಲಿ ಕಂಠ ಒಡೆಯಿತು. ಬಾಲ್ಯದ ಸಹಜವಾದ ಇಂಪು ಹೋಗಿ, ಗಡಸಾದ, ಹೇಳಿದಂತೆ ಕೇಳದ ದನಿ ಉಳಿಯಿತು. ಗುರುವಿನ ಕಂಠವಾದರೋ ಸಣ್ಣದಾಗಿ, ನಯವಾಗಿ, ತಂತಿಯಂತೆ ಮಿಡಿಯುವಂಥದು. ಅಂಥ ಕಂಠಕ್ಕೆ ಒಪ್ಪುವ ಶೈಲಿಯನ್ನು ಗಡಸು ಕಂಠದಲ್ಲಿ ಮೂಡಿಸುವುದು ಹೇಗೆ? ರಾಮಭಾವು ಅವರ ಇಡೀ ಗಾಯನಜೀವನ ಈ ಪ್ರಶ್ನೆಗೆ ಕೊಟ್ಟ ಉತ್ತರ.

ಶಿಕ್ಷಣದ ಬಳಿಕ ಅವರು ಹಿಡಿದ ದಾರಿ ನಾಟಕದ್ದು. ಗುರುವಿಗೆ ಅದು ಮೆಚ್ಚುಗೆಯಾಗಲಿಲ್ಲ. ಆದರೆ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಗಾಯಕನಿಗೆ ಹೆಸರು, ಹಣ ಎರಡೂ ಸಿಗುತ್ತಿದ್ದುದು ಮರಾಠಿ ಸಂಗೀತ ರಂಗಭೂಮಿಯಲ್ಲಿಯೇ. ಈ ರಂಗಭೂಮಿಗೂ ಕನ್ನಡ ನೆಲಕ್ಕೂ ಹಳೆಯ ನಂಟು. ಉತ್ತರ ಕನ್ನಡದ ಕರ್ಕಿಯ ಭಾಗವತರ ಮೇಳ 1842ರಲ್ಲಿ ಸಾಂಗಲಿಯಲ್ಲಿ ಆಡಿದ ಆಟಗಳನ್ನು ಕಂಡು, ಅಲ್ಲಿನ ಪಟವರ್ಧನ ಅರಸರ ಪ್ರೇರಣೆಯಿಂದ ವಿಷ್ಣುದಾಸ ಭಾವೆಯವರು 1843ರಲ್ಲಿ ಸೀತಾಸ್ವಯಂವರವನ್ನು ಆಡಿಸಿದರು. ಸಂಗೀತ ನಾಟಕದ ಪ್ರವರ್ತಕರಾದ ಅಣ್ಣಾಸಾಹೇಬ ಕಿರ್ಲೋಸ್ಕರರು (1843-1885) ಹುಟ್ಟಿದ್ದು ಇಂದಿನ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಅವರ ಶಾಕುಂತಲ 1880ರಲ್ಲಿ ಪುಣೆಯಲ್ಲಿ ರಂಗವೇರಿತು. ಸೌಭದ್ರ 1882ರಲ್ಲಿ ಬಂದಿತು. ಹೀಗೆ ಕನ್ನಡ ನಾಡಿನಿಂದ ಹರಿದುಹೋಗಿ ಮರಾಠಿಯಲ್ಲಿ ಬೇರೆಯೇ ಆಗಿ ಬೆಳೆದ ಪ್ರವಾಹದೊಳಕ್ಕೆ ಕುಂದಗೋಳದ ಯುವಕ ಇಳಿದರು.

ಅಂದಿನ ರೂಢಿಯಂತೆ ಸ್ತ್ರೀಪಾತ್ರಗಳೇ ಅವರ ಪಾಲಿಗೆ ಬಂದವು. ಸೌಭದ್ರದ ಸುಭದ್ರೆಯ ಪಾತ್ರ ವಿಶೇಷವಾಗಿ ಹೆಸರು ತಂದಿತು. ಸ್ತ್ರೀಪಾತ್ರಗಳಲ್ಲಿ ಬಾಲಗಂಧರ್ವರು ಮನೆಮಾತಾಗಿದ್ದ ಕಾಲವದು. ಯಾವ ನಟನನ್ನೂ ಜನ ಅವರೊಡನೆ ತೂಗಿಯೇ ನೋಡುತ್ತಿದ್ದರು. ರಾಮಭಾವು ಅವರ ಹಾಡನ್ನು ಕೇಳಿ ಮೆಚ್ಚಿದ ರಸಿಕರಿಂದ ಬಂದ ಬಿರುದು ಸವಾಯಿ ಗಂಧರ್ವ. ಸವಾಯಿ ಎಂದರೆ ಒಂದೂಕಾಲು. ಗಂಧರ್ವನಿಗಿಂತ ಕಾಲುಪಾಲು ಹೆಚ್ಚು ಎಂಬುದು ಬಿರುದಿನ ಇಂಗಿತ. ಬಿರುದು ದೊಡ್ಡದಾದರೂ ಅದರೊಳಗೆ ಇನ್ನೊಬ್ಬರ ಅಳತೆಗೋಲು ಸೇರಿಕೊಂಡೇ ಇತ್ತು. ಅವರು ಮುಂದೆ ನಾಟಕದಿಂದ ಹಿಂದೆ ಸರಿದು ಬೈಠಕ್ಕಿನ ಗಾಯಕರಾದರು. ರಂಗಸಜ್ಜಿಕೆಯಿಲ್ಲದೆ, ವೇಷವಿಲ್ಲದೆ, ರಾಗವೊಂದನ್ನೇ ನೆಚ್ಚಿ ಕುಳಿತಾಗಲೂ ಬಿರುದು ಅವರನ್ನು ಬಿಡಲಿಲ್ಲ. ಆದರೆ ಅದರ ಅರ್ಥ ಬದಲಾಯಿತು. ಬಾಲಗಂಧರ್ವರೊಡನೆ ಹೋಲಿಕೆ ಮರೆಯಾಗಿ, ಖಯಾಲ್ ಗಾಯಕರೊಬ್ಬರ ಸ್ವಂತ ಹೆಸರಾಗಿ ಅದು ನಿಂತಿತು.

ಅವರ ಬೈಠಕ್ಕುಗಳ ಬಗೆಗೆ ಸಂಗೀತಜ್ಞರು ಒಮ್ಮತದಿಂದ ಹೇಳುವ ಮಾತೊಂದಿದೆ. ಕಂಠ ಮೊದಲಿಗೆ ಒಗ್ಗುತ್ತಿರಲಿಲ್ಲ. ಆರಂಭದಲ್ಲಿ ಒಡೆದ, ಒರಟಾದ ದನಿಯೇ ಕೇಳಿಸುತ್ತಿತ್ತು. ಹೊತ್ತು ಕಳೆದಂತೆ, ಸ್ವರದ ಮೇಲೆ ಸ್ವರವನ್ನು ಇಟ್ಟು ಬೆಳೆಸಿದಂತೆ ಅದೇ ಕಂಠ ತೆರೆದುಕೊಂಡು ತಾರಸ್ಥಾಯಿಯಲ್ಲಿ ನಿಂತು ಬೆಳಗುತ್ತಿತ್ತು. ಗುರುವಿನ ಮಾಧುರ್ಯವನ್ನು ಅನುಕರಿಸಲು ಅವರು ಹೋಗಲಿಲ್ಲ. ಗುರು ಕೊಟ್ಟ ಸ್ವರಶುದ್ಧಿಯನ್ನೂ ನಿಧಾನಗತಿಯ ಆಲಾಪವನ್ನೂ ಉಳಿಸಿಕೊಂಡು, ತಮ್ಮ ಕಂಠದ ಬಲಕ್ಕೆ ತಕ್ಕ ಗಾಂಭೀರ್ಯವನ್ನು ಅದಕ್ಕೆ ಕೂಡಿಸಿದರು. ಕಿರಾಣಾ ಶೈಲಿಗೆ ಧಾರವಾಡದ ಕಡೆ ದೊರೆತ ಕಸುವಿನ ಮೂಲ ಇಲ್ಲಿದೆ. ಅವರ ಗಾಯನವನ್ನು ಇಂದಿನವರು ಮುಖ್ಯವಾಗಿ 78 ಸುತ್ತಿನ ಗ್ರಾಮಫೋನ್ ತಟ್ಟೆಗಳಿಂದಲೇ ತಿಳಿಯಬೇಕು. ಒಂದು ಮಗ್ಗುಲಿಗೆ ಮೂರು ಮೂರೂವರೆ ನಿಮಿಷದ ಆ ತಟ್ಟೆಗಳು ನಿಧಾನವಾಗಿ ಅರಳುವ ಗಾಯಕನಿಗೆ ನ್ಯಾಯ ಒದಗಿಸುವಂಥವಲ್ಲ. ಆದ್ದರಿಂದಲೇ ಅವರ ವಿದ್ಯೆಯ ಪೂರ್ಣ ಸಾಕ್ಷ್ಯಕ್ಕಾಗಿ ಶಿಷ್ಯರ ಕಡೆಗೆ ತಿರುಗಬೇಕು.

ಗುರುವಾಗಿ ಅವರ ಸಾಧನೆ ಅಸಾಧಾರಣವಾದುದು. ಗಂಗೂಬಾಯಿ ಹಾನಗಲ್ (1913-2009), ಬಸವರಾಜ ರಾಜಗುರು (1917-1991), ಫಿರೋಜ್ ದಸ್ತೂರ್ (1919-2008), ಭೀಮಸೇನ ಜೋಶಿ (1922-2011) ಇವರೆಲ್ಲ ಅವರಲ್ಲಿ ಕಲಿತವರು. ಗಂಗೂಬಾಯಿಯವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ, ಪಾಠ ಮುಗಿಸಿ, ಮತ್ತೆ ರೈಲಿನಲ್ಲಿ ಮರಳುತ್ತಿದ್ದರು. ಒಂದೇ ಪಲುಕನ್ನು ಗಂಟೆಗಟ್ಟಲೆ ಹೇಳಿಸುವುದು ಗುರುವಿನ ಪದ್ಧತಿ. ಜಿಪುಣನು ಹಣ ಬಿಚ್ಚುವಂತೆ ಸ್ವರಗಳನ್ನು ಎಣಿಸಿ ಬಳಸಬೇಕೆಂಬುದು ತಮಗೆ ದೊರೆತ ಪಾಠವೆಂದು ಗಂಗೂಬಾಯಿಯವರು ಕಡೆಯವರೆಗೂ ನೆನೆಯುತ್ತಿದ್ದರು. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಅವರ ದನಿ ಗಂಡುದನಿಯಂತೆ ಭಾರವಾಯಿತು. ಹೋದ ದನಿಗಾಗಿ ಮರುಗದೆ ಉಳಿದ ದನಿಯಲ್ಲಿ ಸಂಗೀತವನ್ನು ಕಟ್ಟುವ ಬಗೆಯನ್ನು ಕಲಿಯಲು ಅವರಿಗಿಂತ ಮೊದಲೇ ಆ ದಾರಿಯನ್ನು ನಡೆದ ಗುರು ಇದ್ದರು.

ಭೀಮಸೇನರದು ಇನ್ನೊಂದು ಕಥೆ. ಗದುಗಿನ ಮನೆಯಿಂದ 1933ರಲ್ಲಿ ಗುರುವನ್ನರಸಿ ಹೊರಟ ಹನ್ನೊಂದರ ಹುಡುಗ ಉತ್ತರ ಹಿಂದೂಸ್ತಾನವನ್ನೆಲ್ಲ ಅಲೆದು ಜಲಂಧರವನ್ನು ಮುಟ್ಟಿದ. ಅಲ್ಲಿ ಭೇಟಿಯಾದ ವಿನಾಯಕರಾವ್ ಪಟವರ್ಧನರು, ಅರಸುತ್ತಿರುವ ಗುರು ಸ್ವಂತ ಊರಿನ ಮಗ್ಗುಲಲ್ಲಿಯೇ ಇರುವುದನ್ನು ತಿಳಿಸಿ, ಸವಾಯಿ ಗಂಧರ್ವರ ಬಳಿಗೆ ಹೋಗಲು ಸೂಚಿಸಿದರು. 1936ರಿಂದ ಭೀಮಸೇನರು ಕುಂದಗೋಳದ ಗುರುಗೃಹದಲ್ಲಿದ್ದರು. ನೀರು ಹೊರುವ ಕೆಲಸ ಮೊದಲು, ಪಾಠ ಆಮೇಲೆ. ಅಬ್ದುಲ್ ಕರೀಂ ಖಾನರು ರಾಮಭಾವುವಿಗೆ ವಿಧಿಸಿದ ಕಠಿಣ ಕ್ರಮವೇ ಮುಂದಿನ ತಲೆಮಾರಿಗೂ ಸಂದಿತು.

1940ರ ದಶಕದ ಆರಂಭದಲ್ಲಿ ಸವಾಯಿ ಗಂಧರ್ವರಿಗೆ ಪಾರ್ಶ್ವವಾಯು ಬಡಿಯಿತು. ಅಷ್ಟು ಕಷ್ಟದಿಂದ ಸಂಪಾದಿಸಿದ ಕಂಠವನ್ನು ಎರಡನೆಯ ಬಾರಿ ವಿಧಿ ಕಸಿದುಕೊಂಡಿತು. ಈ ಸಲ ಅದನ್ನು ಮರಳಿ ಗಳಿಸುವ ಅವಕಾಶ ಉಳಿಯಲಿಲ್ಲ. 1946ರಲ್ಲಿ ಅವರ ಅರವತ್ತು ವರ್ಷ ತುಂಬಿದ ಸಮಾರಂಭ ಪುಣೆಯಲ್ಲಿ ಜರುಗಿತು. ಅಂದು ಹಾಡಿದ ಭೀಮಸೇನರಿಗೆ ಮೊದಲ ದೊಡ್ಡ ಮನ್ನಣೆ ದೊರೆಯಿತು. ಗುರುವಿನ ಕಂಠ ನಿಂತಿದ್ದ ಹೊತ್ತಿನಲ್ಲಿ ಶಿಷ್ಯನ ಕಂಠವನ್ನು ನಾಡು ಗುರುತಿಸಿತು. 1952ರ ಸೆಪ್ಟೆಂಬರ್ 12ರಂದು ಸವಾಯಿ ಗಂಧರ್ವರು ಪುಣೆಯಲ್ಲಿ ನಿಧನರಾದರು.

ಮರುವರ್ಷವೇ, 1953ರಲ್ಲಿ, ಶಿಷ್ಯರೂ ಅಳಿಯ ಡಾ. ನಾನಾಸಾಹೇಬ ದೇಶಪಾಂಡೆಯವರೂ ಕೂಡಿ ಪುಣೆಯಲ್ಲಿ ಪುಣ್ಯಸ್ಮರಣೆಯ ಸಂಗೀತ ಸಮಾರಂಭ ನಡೆಸಿದರು. ಆರ್ಯ ಸಂಗೀತ ಪ್ರಸಾರಕ ಮಂಡಳದ ಆಶ್ರಯದಲ್ಲಿ, ಭೀಮಸೇನರ ದೀರ್ಘಕಾಲದ ಶ್ರಮದಿಂದ, ಸಣ್ಣದಾಗಿ ಮೊದಲಾದ ಕಾರ್ಯಕ್ರಮ ದೇಶದ ಪ್ರಮುಖ ಸಂಗೀತೋತ್ಸವಗಳಲ್ಲೊಂದಾಗಿ ಬೆಳೆಯಿತು. ಬಹುಕಾಲ ರಮಣಬಾಗ್ ಶಾಲೆಯ ಮೈದಾನದಲ್ಲಿ, ಡಿಸೆಂಬರಿನ ಚಳಿಯಲ್ಲಿ, ಸಾವಿರಾರು ಶ್ರೋತೃಗಳು ರಾತ್ರಿಯಿಡೀ ಕುಳಿತು ಕೇಳುತ್ತಿದ್ದರು. 2011ರಲ್ಲಿ ಭೀಮಸೇನರು ತೀರಿಕೊಂಡ ಬಳಿಕ ಅವರ ಹೆಸರೂ ಉತ್ಸವದ ಹೆಸರಿಗೆ ಸೇರಿತು. ಇತ್ತ ಕುಂದಗೋಳದಲ್ಲಿ, ರಾಮಭಾವು ಬಾಲ್ಯದಲ್ಲಿ ಸಂಗೀತ ಕೇಳಿದ ಅದೇ ನಾಡಗೀರರ ವಾಡೆಯಲ್ಲಿ, ಪುಣ್ಯತಿಥಿಯ ಸಂಗೀತೋತ್ಸವ ನಡೆದುಬಂದಿದೆ. ಹುಬ್ಬಳ್ಳಿಯ ಸಭಾಭವನವೊಂದಕ್ಕೂ ಅವರ ಹೆಸರಿದೆ.

ಸವಾಯಿ ಗಂಧರ್ವರು ಯಾರಿಗೆ ಸೇರಿದವರು ಎಂಬ ಪ್ರಶ್ನೆಗೆ ಈ ಮೂರು ಊರುಗಳ ಸ್ಮರಣೆಯೇ ಉತ್ತರ ಹೇಳುತ್ತದೆ. ಮನೆಯ ಮಾತು ಕನ್ನಡ, ರಂಗದ ಮಾತು ಮರಾಠಿ, ಹಾಡಿದ ಚೀಜುಗಳ ಮಾತು ಹಿಂದಿ, ಗುರು ಉತ್ತರದ ಮುಸಲ್ಮಾನ, ಶಿಷ್ಯರಲ್ಲಿ ಪಾರಸಿಯೂ ಒಬ್ಬರು. ಅವರ ಶಿಷ್ಯ ಭೀಮಸೇನರು ಕನ್ನಡದ ದಾಸರ ಪದಗಳನ್ನೂ ಮರಾಠಿಯ ಅಭಂಗಗಳನ್ನೂ ಸಮಾನ ಶ್ರದ್ಧೆಯಿಂದ ಹಾಡಿ ಎರಡೂ ನಾಡುಗಳ ಮನೆಮನೆಗೆ ಮುಟ್ಟಿಸಿದರು. ಗಡಿಯ ವಾದಗಳು ಕಾವೇರಿದ ವರ್ಷಗಳಲ್ಲಿಯೂ ಪುಣೆಯ ಉತ್ಸವಕ್ಕೆ ಧಾರವಾಡದ ಗಾಯಕರು ಬೇಕಾಗಿದ್ದರು ಎಂಬುದನ್ನು ಸಂಸ್ಕೃತಿಯ ಅಧ್ಯಯನಕಾರರು ಮರೆಯಬಾರದು.

ಪುಣೆಯ ಉತ್ಸವದ ಕೊನೆಯಲ್ಲಿ ಒಂದು ಪರಿಪಾಠ ಬೆಳೆದುಬಂದಿದೆ. ಗಾಯನ ವಾದನಗಳೆಲ್ಲ ಮುಗಿದ ಮೇಲೆ ಸವಾಯಿ ಗಂಧರ್ವರ ಭೈರವಿಯ ಹಳೆಯ ಧ್ವನಿಮುದ್ರಿಕೆಯನ್ನು ಕೇಳಿಸುತ್ತಾರೆ. ಹಲವು ದಿನ ದೊಡ್ಡ ದೊಡ್ಡ ಕಂಠಗಳನ್ನು ಕೇಳಿದ ಜನಸ್ತೋಮ ಆ ಕೆಲವು ನಿಮಿಷಗಳ ಮಸುಕಾದ ದನಿಯನ್ನು ಮೌನವಾಗಿ ಆಲಿಸಿ ಮನೆಗೆ ಹೊರಡುತ್ತದೆ.