ಒಂದೇ ಮನೆ, ಒಂದೇ ಕ್ಯಾನ್ಸರ್: ಬಿಲ್ಲಿ ಕಾರ್ಟರ್ ಬದುಕು ನಮಗೆ ಹೇಳುವುದೇನು?

ಬಿಸಿ ಮಾಡಿದ ತೆಂಗಿನ ನೀರು ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ ಎಂಬ ಫಾರ್ವರ್ಡ್ ನಿಮಗೂ ಬಂದಿರಬಹುದು. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರ ಹೆಸರನ್ನು ಅದಕ್ಕೆ ಅಂಟಿಸಿದ್ದರು. ಅದು ಸುಳ್ಳು ಎಂದು ಆಸ್ಪತ್ರೆಯೇ ಹೇಳಿದೆ. ನೊಣವಿನಕೆರೆ, ತಿಪಟೂರು ಕಡೆಯ ತೋಟದ ಎಳನೀರು ದಾಹಕ್ಕೆ ಒಳ್ಳೆಯದು, ಕ್ಯಾನ್ಸರಿಗೆ ಔಷಧಿಯಲ್ಲ.

ಇನ್ನೊಂದು ಮಾತು ಫಾರ್ವರ್ಡ್ ಆಗುವುದಿಲ್ಲ, ಜಗಲಿಯ ಮೇಲೆ ಪಿಸುಮಾತಾಗಿ ಓಡಾಡುತ್ತದೆ. ಆ ಮನೆಯಲ್ಲಿ ಕ್ಯಾನ್ಸರ್ ಇದೆ, ಎಲ್ಲರಿಗೂ ಬಂದೇ ಬರುತ್ತದೆ ಎನ್ನುವುದು. ಇದು ನಿಜವೇ? ಒಬ್ಬರ ಬದುಕನ್ನು ನೋಡೋಣ.

ಅಮೆರಿಕದ ಜಾರ್ಜಿಯಾ ರಾಜ್ಯದ ಪ್ಲೇನ್ಸ್ ಎಂಬ ಸಣ್ಣ ಊರಿನಲ್ಲಿ 1937ರಲ್ಲಿ ಬಿಲ್ಲಿ ಕಾರ್ಟರ್ ಹುಟ್ಟಿದರು. ನಮ್ಮಲ್ಲಿ ಕೊಬ್ಬರಿ ಹೇಗೋ ಆ ಮನೆಗೆ ಕಡಲೆಕಾಯಿ ಹಾಗೆ. ಬಿಲ್ಲಿಗೆ 16 ವರ್ಷವಾಗಿದ್ದಾಗ, 1953ರಲ್ಲಿ, ತಂದೆ ಅರ್ಲ್ ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರಿನಿಂದ ತೀರಿಕೊಂಡರು. ಅಣ್ಣ ಜಿಮ್ಮಿ ನೌಕಾಪಡೆಯ ಕೆಲಸ ಬಿಟ್ಟು ಬಂದು ವ್ಯವಹಾರ ಹಿಡಿದರು. ಮುಂದೆ ಬಿಲ್ಲಿಯೂ ಅದೇ ಕಡಲೆಕಾಯಿ ವ್ಯಾಪಾರಕ್ಕೆ ಹೆಗಲು ಕೊಟ್ಟರು, ಊರಲ್ಲಿ ಪೆಟ್ರೋಲ್ ಬಂಕ್ ನಡೆಸಿದರು.

1977ರಲ್ಲಿ ಜಿಮ್ಮಿ ಅಮೆರಿಕದ ಅಧ್ಯಕ್ಷರಾದರು. ತಮಾಷೆಯ ಮಾತಿನ ತಮ್ಮನೂ ಪ್ರಸಿದ್ಧರಾದರು. ಅವರ ಹೆಸರಿನ ಬಿಯರ್ ಮಾರುಕಟ್ಟೆಗೆ ಬಂತು. ಲಿಬಿಯಾ ಸರ್ಕಾರದಿಂದ ಹಣ ಪಡೆದದ್ದು ಸೆನೆಟ್ ವಿಚಾರಣೆಗೆ ಕಾರಣವಾಯಿತು. ಕುಡಿತ ಹೆಚ್ಚಾಗಿ 1979ರಲ್ಲಿ ಚಿಕಿತ್ಸೆ ಪಡೆದರು.

1983ರಲ್ಲಿ ಅಕ್ಕ ರೂತ್ ಅದೇ ಕ್ಯಾನ್ಸರಿಗೆ ಬಲಿಯಾದರು. 1987ರಲ್ಲಿ ಬಿಲ್ಲಿಗೂ ಅದೇ ಪತ್ತೆಯಾಯಿತು. 1988ರ ಸೆಪ್ಟೆಂಬರ್‌ನಲ್ಲಿ, 51ನೇ ವಯಸ್ಸಿಗೆ, ಅವರು ಹೋದರು. 1990ರಲ್ಲಿ ಇನ್ನೊಬ್ಬ ಅಕ್ಕ ಗ್ಲೋರಿಯಾ. ಅಪ್ಪ ಮತ್ತು ಮೂವರು ಮಕ್ಕಳು, ನಾಲ್ವರೂ ಸಿಗರೇಟು ಸೇದುತ್ತಿದ್ದವರು. ಸೇದದ ಜಿಮ್ಮಿ 100 ವರ್ಷ ಬದುಕಿ 2024ರಲ್ಲಿ ತೀರಿಕೊಂಡರು.

ಹಾಗಾದರೆ ಇದು ಹಣೆಬರಹವೇ? ಅಲ್ಲ. ಮೇದೋಜ್ಜೀರಕದ ಕ್ಯಾನ್ಸರ್ ಬಂದವರಲ್ಲಿ ಸುಮಾರು 10ರಲ್ಲಿ ಒಬ್ಬರಿಗೆ ಮಾತ್ರ ಅದು ವಂಶದ ಜಾಡಿನಲ್ಲಿ ಬರುತ್ತದೆ. ಬಿಆರ್‌ಸಿಎ2, ಎಟಿಎಂ, ಪಿಎಎಲ್‌ಬಿ2 ಮುಂತಾದ ವಂಶವಾಹಿಗಳ ದೋಷ ಇದಕ್ಕೆ ಕಾರಣವಾಗಬಹುದು. ಈ ದೋಷ ಇರುವವರಿಂದ ಪ್ರತಿ ಮಗುವಿಗೂ ಅದು ದಾಟುವ ಸಾಧ್ಯತೆ ಅರ್ಧದಷ್ಟು. ಗಂಡಾಗಲಿ ಹೆಣ್ಣಾಗಲಿ, ಅಪ್ಪನ ಕಡೆಯಿಂದಾಗಲಿ ಅಮ್ಮನ ಕಡೆಯಿಂದಾಗಲಿ ಲೆಕ್ಕ ಒಂದೇ. ದೋಷ ಬಂದವರಿಗೆಲ್ಲ ಕ್ಯಾನ್ಸರ್ ಬರುವುದೂ ಇಲ್ಲ. ಒಂದೇ ತಾಯಿಮರದ ಕಾಯಿಯಿಂದ ಎದ್ದ ಸಸಿಗಳೆಲ್ಲ ಒಂದೇ ಸಮ ಫಲ ಕೊಡುತ್ತವೆಯೇ? ಆದರೆ ತಂಬಾಕು ಸೇರಿದರೆ ಅಪಾಯ ಏರುತ್ತದೆ. ಸೇದುವವರಿಗೆ ಈ ಕ್ಯಾನ್ಸರಿನ ಅಪಾಯ ಸುಮಾರು ಎರಡು ಪಟ್ಟು. ವಂಶವಾಹಿಯನ್ನು ಬದಲಿಸಲಾಗದು, ಬೀಡಿ ಸಿಗರೇಟು ಬಿಡಬಹುದು.

ಬಿಲ್ಲಿ ಬದುಕಿದ್ದಾಗ ಇದನ್ನು ತಿಳಿಯುವ ರಕ್ತಪರೀಕ್ಷೆಯೇ ಇರಲಿಲ್ಲ. ಬಿಆರ್‌ಸಿಎ2 ಗುರುತಾದದ್ದು 1995ರಲ್ಲಿ. ಇಂದು ಈ ಕ್ಯಾನ್ಸರ್ ಬಂದ ಎಲ್ಲ ರೋಗಿಗಳಿಗೂ ವಂಶವಾಹಿ ಪರೀಕ್ಷೆ ಮಾಡಿಸುವುದು ಒಳ್ಳೆಯದು ಎನ್ನುತ್ತಾರೆ ತಜ್ಞರು. ರೋಗಿ ಇರುವಾಗಲೇ ಮಾಡಿಸಿದರೆ ಮಕ್ಕಳಿಗೆ ಸ್ಪಷ್ಟ ಉತ್ತರ ಸಿಗುತ್ತದೆ. ದೋಷ ಕಂಡವರಿಗೆ, ಹತ್ತಿರದ ರಕ್ತಸಂಬಂಧಿಗಳಲ್ಲಿ ಇಬ್ಬರಿಗೆ ಅಥವಾ ಅದಕ್ಕಿಂತ ಹೆಚ್ಚು ಜನರಿಗೆ ಈ ರೋಗ ಬಂದಿದ್ದವರಿಗೆ, ಸಾಮಾನ್ಯವಾಗಿ 50ರ ಆಸುಪಾಸಿನಿಂದ ಎಂಆರ್‌ಐ ಅಥವಾ ಎಂಡೋಸ್ಕೋಪಿ ಅಲ್ಟ್ರಾಸೌಂಡ್ ತಪಾಸಣೆ ಸೂಚಿಸುತ್ತಾರೆ. ಯಾರಿಗೆ ಬೇಕು, ಯಾವಾಗ ಬೇಕು ಎಂಬುದನ್ನು ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಯ ವೈದ್ಯರನ್ನು ಕೇಳಿ. ನೋವಿಲ್ಲದೆ ಕಾಮಾಲೆ, ಕಾರಣವಿಲ್ಲದೆ ತೂಕ ಇಳಿಕೆ, ಬೆನ್ನಿಗೆ ಹರಡುವ ಹೊಟ್ಟೆನೋವು, 50 ದಾಟಿದ ಮೇಲೆ ಇದ್ದಕ್ಕಿದ್ದಂತೆ ಸಕ್ಕರೆ ಕಾಯಿಲೆ ಕಂಡರೆ ಯಾರೇ ಆಗಲಿ ತಡಮಾಡಬೇಡಿ.

ಸಂಬಂಧ ಕೂಡಿಸುವಾಗ ನಾವು ಮೂರು ತಲೆಮಾರಿನ ಮನೆತನ ಕೇಳುತ್ತೇವೆ. ತಾತ ಯಾವ ಕಾಯಿಲೆಯಿಂದ ಹೋದರು ಎಂದರೆ ಹೊಟ್ಟೆನೋವು ಎಂದು ಮಾತು ಮುಗಿಸುತ್ತೇವೆ. ಮುಚ್ಚಿಟ್ಟರೆ ಕಾಯಿಲೆ ಹೋಗುವುದಿಲ್ಲ, ಮಕ್ಕಳಿಗೆ ಸಿಗಬೇಕಾದ ಎಚ್ಚರಿಕೆ ಹೋಗುತ್ತದೆ. ಯಾರಿಗೆ, ಯಾವ ಕ್ಯಾನ್ಸರ್, ಎಷ್ಟನೇ ವಯಸ್ಸಿಗೆ ಎಂದು ಇಂದೇ ಒಂದು ಹಾಳೆಯಲ್ಲಿ ಬರೆದಿಡಿ. ಮನೆಯವರ ಗ್ರೂಪಿಗೆ ಬಿಸಿ ತೆಂಗಿನ ನೀರಿನ ಫಾರ್ವರ್ಡ್ ಬದಲು ಆ ಹಾಳೆಯ ಫೋಟೋ ಕಳಿಸಿ.