ಗಡಿಯಾರ ತಿರುಗಿಸಲು ಹೊರಟ ಬಿಲ್ಡರ್

ಬೆಂಗಳೂರಿನಲ್ಲಿ ಅಮೆರಿಕದ ಕ್ಲೈಂಟ್‌ಗೆ ಕೆಲಸ ಮಾಡುವ ನನ್ನಕ್ಕನ ಶಿಫ್ಟ್ ಮಾರ್ಚ್ ಬಂದರೆ ಒಂದು ಗಂಟೆ ಮುಂಚೆ ಶುರು. ನವೆಂಬರ್‌ನಲ್ಲಿ ಮತ್ತೆ ಹಿಂದಕ್ಕೆ. ಅಲ್ಲಿ ಗಡಿಯಾರ ತಿರುಗಿಸಿದರೆ ಇಲ್ಲಿ ಇವಳ ನಿದ್ದೆಗೆಡುತ್ತದೆ. ಯಾರ ತಲೆಗೆ ಹೊಳೆಯಿತಪ್ಪ ಇದು ಎಂದು ಹುಡುಕಿದಾಗ ಸಿಕ್ಕವರು ವಿಲಿಯಂ ವಿಲೆಟ್.

1856ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ವಿಲೆಟ್ ಮನೆ ಕಟ್ಟಿಸುವ ಬಿಲ್ಡರ್. ಬೇಸಿಗೆಯ ಮುಂಜಾನೆ ಕುದುರೆ ಸವಾರಿ ಹೊರಟರೆ, ಸೂರ್ಯ ಮೇಲೆ ಬಂದಿದ್ದರೂ ಮನೆಗಳ ಕಿಟಕಿ ಪರದೆ ಸರಿದಿರುತ್ತಿರಲಿಲ್ಲ. ಇಷ್ಟು ಬೆಳಕು ವ್ಯರ್ಥವಾಗುತ್ತಿದೆಯಲ್ಲ ಎನಿಸಿತು. 1907ರಲ್ಲಿ ಕೈಯಿಂದ ದುಡ್ಡು ಹಾಕಿ ಪುಸ್ತಿಕೆ ತಂದರು. ಏಪ್ರಿಲ್‌ನ ನಾಲ್ಕು ಭಾನುವಾರ 20 ನಿಮಿಷದಂತೆ ಗಡಿಯಾರ ಮುಂದಿಡುವುದು, ಸೆಪ್ಟೆಂಬರ್‌ನಲ್ಲಿ ಹಾಗೆಯೇ ಹಿಂದಿಡುವುದು ಅವರ ಯೋಜನೆ. 1908ರಲ್ಲಿ ಮಸೂದೆ ಸಂಸತ್ತಿಗೆ ಬಂತು. ರೈತರು ವಿರೋಧಿಸಿದರು, ಪಾಸಾಗಲಿಲ್ಲ. ವಿಲೆಟ್ ಪ್ರಚಾರ ಬಿಡಲಿಲ್ಲ. 1915ರಲ್ಲಿ ತೀರಿಕೊಂಡರು. ಮರುವರ್ಷವೇ ಯುದ್ಧಕಾಲದಲ್ಲಿ ಕಲ್ಲಿದ್ದಲು ಉಳಿಸಲೆಂದು ಜರ್ಮನಿ, ಅದರ ಬೆನ್ನಿಗೆ ಬ್ರಿಟನ್ ಗಡಿಯಾರ ಮುಂದಿಟ್ಟವು.

ಈ ಪದ್ಧತಿ ನಿಲ್ಲಿಸಲು 2019ರಲ್ಲಿ ಯುರೋಪಿಯನ್ ಪಾರ್ಲಿಮೆಂಟ್ ಮತ ಹಾಕಿತು, ಇನ್ನೂ ಜಾರಿಯಾಗಿಲ್ಲ. ಅಕ್ಕನ ಕಣ್ಣು ನೋಡಿದರೆ ನಿಲ್ಲಿಸುವುದೇ ಸರಿ ಅನ್ನಿಸುತ್ತದೆ. ಆದರೂ ಬಿಇ ಇಂಟರ್ನಲ್ಸ್‌ನಲ್ಲಿ ಎರಡು ಮಾರ್ಕ್ಸ್ ಹೋದರೆ ವಾರವಿಡೀ ಮಂಕಾಗುವ ನಾನು, ಎಂಟು ವರ್ಷ ಸೋಲುತ್ತಲೇ ಓಡಾಡಿದ ಆ ಬಿಲ್ಡರ್‌ಗೆ ಒಂದು ಸಲಾಂ ಹೊಡೆಯಲೇಬೇಕು.