ಮರುಭೂಮಿಯ ಶೋಧನೆ, ದೈವವಾಕ್ಯದ ಆಸರೆ

ಪ್ರತಿವರ್ಷ ಸೆಪ್ಟೆಂಬರ್ 30ರಂದು ಧರ್ಮಸಭೆಯು ಸಂತ ಜೆರೋಮರ ಹಬ್ಬವನ್ನು ಆಚರಿಸುತ್ತದೆ. ಬೈಬಲನ್ನು ಲತೀನ್ ಭಾಷೆಗೆ ತಂದ ಮಹಾಪಂಡಿತರೆಂದು ಅವರನ್ನು ನಾವೆಲ್ಲ ಬಲ್ಲೆವು. ಆದರೆ ಶೋಧನೆಗಳ ವಿರುದ್ಧ ಅವರು ನಡೆಸಿದ ಹೋರಾಟ ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ.

ಸುಮಾರು 347ರಲ್ಲಿ ಸ್ಟ್ರಿಡೋನ್ ಎಂಬ ಊರಿನ ಕ್ರೈಸ್ತ ಕುಟುಂಬದಲ್ಲಿ ಜನಿಸಿದ ಜೆರೋಮರು ವಿದ್ಯಾಭ್ಯಾಸಕ್ಕಾಗಿ ರೋಮಿಗೆ ಹೋದರು. ಅಲ್ಲಿನ ಯೌವನದ ಆಕರ್ಷಣೆಗಳಿಗೆ ಅವರೂ ಸಿಲುಕಿದರು. ಭಾನುವಾರಗಳಂದು ಗೆಳೆಯರೊಡನೆ ರಕ್ತಸಾಕ್ಷಿಗಳ ಸಮಾಧಿಗಳಿಗೂ ಹೋಗುತ್ತಿದ್ದರು. ರೋಮಿನಲ್ಲೇ ಅವರಿಗೆ ದೀಕ್ಷಾಸ್ನಾನವಾಯಿತು.

ಮುಂದೆ ಪೂರ್ವದೇಶಕ್ಕೆ ಹೊರಟಾಗ ಅವರು ಮನೆಮಾರು ಬಿಟ್ಟರೂ ಪುಸ್ತಕಗಳನ್ನು ಬಿಡಲಿಲ್ಲ. ಉಪವಾಸವಿದ್ದು ಸಿಸೆರೋನನ್ನು ಓದುವರು. ಪ್ರವಾದಿಗಳ ಗ್ರಂಥ ತೆರೆದರೆ ಅದರ ಭಾಷೆ ಒರಟೆನಿಸುವುದು. ಒಂದು ತಪಸ್ಸುಕಾಲದಲ್ಲಿ ಜ್ವರದಿಂದ ಮಲಗಿದ್ದಾಗ, ತಾವು ನ್ಯಾಯಾಸನದ ಮುಂದೆ ನಿಂತಂತೆ ಕನಸು ಕಂಡರು. ತಾನು ಕ್ರೈಸ್ತನೆಂದು ಹೇಳಿದಾಗ ನ್ಯಾಯಾಧಿಪತಿ ಒಪ್ಪಲಿಲ್ಲ. ನೀನು ಸಿಸೆರೋನ ಶಿಷ್ಯ, ಕ್ರಿಸ್ತನವನಲ್ಲ ಎಂದು ಗದರಿಸಿದನು. ಅಂದಿನಿಂದ ಅವರು ದೈವವಾಕ್ಯವನ್ನು ಹೊಸ ಹಸಿವಿನಿಂದ ಓದತೊಡಗಿದರು.

ಬಳಿಕ ಸಿರಿಯಾದ ಖಾಲ್ಕಿಸ್ ಮರುಭೂಮಿಯಲ್ಲಿ ಕೆಲವು ವರ್ಷ ತಪಸ್ಸು ಮಾಡಿದರು. ಸುತ್ತಲೂ ಚೇಳುಗಳು, ಕಾಡುಮೃಗಗಳು. ಮನಸ್ಸಿನೊಳಗೆ ಮಾತ್ರ ರೋಮಿನ ನರ್ತಕಿಯರು. ಉಪವಾಸದಿಂದ ದೇಹ ಬಾಡಿದರೂ ಆಸೆ ಬಾಡಲಿಲ್ಲ. ಆಗ ಅವರು ಹಿಡಿದ ಉಪಾಯ ವಿಶೇಷವಾದುದು. ಕ್ರಿಸ್ತನನ್ನು ವಿಶ್ವಾಸಿಸಿದ್ದ ಯೆಹೂದ್ಯ ಸಹೋದರನೊಬ್ಬನಿಗೆ ಶಿಷ್ಯರಾಗಿ ಹೀಬ್ರೂ ಕಲಿಯಲು ಕುಳಿತರು. ಗಂಟಲನ್ನು ನೋಯಿಸುವ ಆ ಭಾಷೆ ಅವರನ್ನು ದಣಿಸಿತು. ಎಷ್ಟೋ ಸಲ ಕೈಬಿಟ್ಟರು, ಮತ್ತೆ ಆರಂಭಿಸಿದರು. ಖಾಲಿ ಮನಸ್ಸು ಸೈತಾನನ ಅಂಗಳ. ಅದನ್ನು ಅವರು ದೇವರ ಮಾತಿನಿಂದ ತುಂಬಿಸಿದರು. ಆ ಕಹಿ ಬೀಜದಿಂದಲೇ ಸಿಹಿ ಫಲ ಬಂತು. ಪೋಪ್ ದಮಾಸುಸರ ಇಚ್ಛೆಯಂತೆ ಲತೀನ್ ಶುಭಸಂದೇಶಗಳನ್ನು ಪರಿಷ್ಕರಿಸಿದ ಜೆರೋಮರು, 386ರಲ್ಲಿ ಬೆತ್ಲೆಹೇಮಿನಲ್ಲಿ ನೆಲೆಸಿ, ಸುಮಾರು 405ರ ಹೊತ್ತಿಗೆ ಹಳೆಯ ಒಡಂಬಡಿಕೆಯನ್ನು ಹೀಬ್ರೂವಿನಿಂದ ಅನುವಾದಿಸಿದರು.

ತಂದೆತಾಯಂದಿರೇ, ಲೇತಾ ಎಂಬ ತಾಯಿಗೆ ಅವರು ಬರೆದ ಪತ್ರ ನಿಮಗೂ ಸಲ್ಲುತ್ತದೆ. ಮಗಳಿಗೆ ಮರದ ಅಥವಾ ದಂತದ ಅಕ್ಷರಗಳನ್ನು ಕೊಟ್ಟು ಆಡುತ್ತಲೇ ಓದು ಕಲಿಸಲು ತಿಳಿಸಿದರು. ಮೊದಲು ಕೀರ್ತನೆಗಳು, ಬಾಳಿನ ನಡತೆಗೆ ಜ್ಞಾನೋಕ್ತಿಗಳು, ತಾಳ್ಮೆಗೆ ಯೋಬನ ಗ್ರಂಥ. ಅನಂತರ ಕೈಯಿಂದ ಎಂದೂ ಕೆಳಗಿಡಬಾರದ ಶುಭಸಂದೇಶಗಳು. ಮಗು ತಂದೆತಾಯಿಯಲ್ಲಿ ಪಾಪದ ನಡತೆಯನ್ನು ಕಾಣಬಾರದೆಂದೂ ಎಚ್ಚರಿಸಿದರು.

410ರಲ್ಲಿ ರೋಮ್ ನಗರ ಶತ್ರುಗಳ ಕೈಸೇರಿತು. ನಿರಾಶ್ರಿತರು ಬೆತ್ಲೆಹೇಮಿಗೂ ಬಂದರು. ಯೆಹೆಜ್ಕೇಲನ ಗ್ರಂಥಕ್ಕೆ ವ್ಯಾಖ್ಯಾನ ಬರೆಯುತ್ತಿದ್ದ ವೃದ್ಧ ಜೆರೋಮರು ಅದನ್ನು ಬದಿಗಿಟ್ಟು ಅವರ ಸೇವೆಗೆ ಎದ್ದರು. ಬರೆಯುವ ವಾಕ್ಯವನ್ನು ಬದುಕಿ ತೋರಿಸುವ ವೇಳೆ ಅದೆಂದು ಅವರು ಅರಿತಿದ್ದರು.

ಹಾಗೆಂದು ಅವರಲ್ಲಿ ಕುಂದುಗಳು ಇರಲಿಲ್ಲವೇ? ಇದ್ದವು. ಅವರ ಕೋಪ, ಹರಿತವಾದ ನಾಲಿಗೆ ಪ್ರಸಿದ್ಧ. ಹಳೆಯ ಗೆಳೆಯ ರುಫಿನುಸರೊಡನೆ ಆದ ಜಗಳ ರುಫಿನುಸರ ಮರಣದ ನಂತರವೂ ಅವರ ಲೇಖನಿಯಲ್ಲಿ ಆರಲಿಲ್ಲ. ದೈವವಾಕ್ಯ ಮಂತ್ರದಂತೆ ಒಂದೇ ದಿನದಲ್ಲಿ ನಮ್ಮನ್ನು ಬದಲಿಸುವುದಿಲ್ಲ, ತಿಳಿದವನೂ ಎಡವಬಲ್ಲ. ಎಡವಿದವನು ಮತ್ತೆ ಗ್ರಂಥ ತೆರೆಯುವುದರಲ್ಲಿ ಗೆಲುವಿದೆ. ಜೆರೋಮರು 420ರಲ್ಲಿ ಕಣ್ಣುಮುಚ್ಚುವವರೆಗೆ ಆ ಗ್ರಂಥವನ್ನು ಬಿಡಲಿಲ್ಲ.

ಪ್ರಿಯರೇ, ಕೋಪ, ಕುಡಿತ, ಕೆಟ್ಟ ನೋಟ, ನೆರೆಯವನ ಮೇಲಿನ ಹೊಟ್ಟೆಕಿಚ್ಚು ಇವೇ ನಮ್ಮ ಮರುಭೂಮಿಗಳು. ಸಂಜೆ ಜಪಸರದ ಬಳಿಕ ಮನೆಯವರೆಲ್ಲ ಕುಳಿತು ಶುಭಸಂದೇಶದ ಒಂದು ಭಾಗವನ್ನು ಓದಿರಿ. ಒಂದು ಮಾತನ್ನು ಆರಿಸಿ ಮರುದಿನದ ದುಡಿಮೆಗೆ ಜೊತೆಯಲ್ಲಿ ಒಯ್ಯಿರಿ. ಶೋಧನೆ ಬಾಗಿಲು ತಟ್ಟಿದಾಗ ಒಳಗೆ ದೇವರ ಮಾತು ಎಚ್ಚರವಾಗಿರಲಿ.